ಕ್ಯೂಬಾಕ್ಕೆ ಸೋಲಾರ್ ಪಂಪ್: ಮಾರುವುದೋ, ಅಲ್ಲೇ ಘಟಕ ಹಾಕುವುದೋ, ಕೈ ತೊಳೆದುಕೊಳ್ಳುವುದೋ?

ಪೀಣ್ಯ_ಪಂಪ್ (ಪ್ರಶ್ನೆ)

ನಮ್ಮದು 3 ಮತ್ತು 5 ಎಚ್‌ಪಿ ಸೋಲಾರ್ ಸಬ್‌ಮರ್ಸಿಬಲ್ ಸೆಟ್ ಮಾಡುವ ಘಟಕ. ಮೋಟರ್, ಪಂಪ್ ಎರಡೂ ಇಲ್ಲಿಯವೇ. ಕಂಟ್ರೋಲರ್ ಬೋರ್ಡಿನ ವಿನ್ಯಾಸ ಸ್ವಂತದ್ದು, ಆದರೆ ಒಳಗಿರುವ ಡಿಎಸ್‌ಪಿ ಚಿಪ್ಪೂ (ಲೆಕ್ಕ ಮಾಡುವ ಮಿದುಳು) ಐಜಿಬಿಟಿ ಮಾಡ್ಯೂಲೂ (ಮೋಟರಿಗೆ ವಿದ್ಯುತ್ ಕೊಡುವ ಸ್ವಿಚ್) ಅಮೆರಿಕದವು. ಹವಾನಾದ ಒಂದು ಸಣ್ಣ ಖಾಸಗಿ ಕಂಪನಿ 200 ಸೆಟ್‌ಗೆ ದರ ಕೇಳಿದೆ. ಪ್ಯಾನೆಲ್ ಅವರೇ ಚೀನಾದಿಂದ ತರಿಸಿಕೊಳ್ಳುತ್ತಾರಂತೆ. ಪ್ಯಾನೆಲ್ ಬಿಟ್ಟು ಸೆಟ್‌ಗೆ ಸುಮಾರು 1,500 ಡಾಲರ್, ಬಿಡಿ ಕಂಟ್ರೋಲರ್ ಆದರೆ 180 ಡಾಲರ್ ಎಂದು ಲೆಕ್ಕ ಹಾಕಿದ್ದೇವೆ.

ಇದರ ಮೇಲೆ ಒಬ್ಬ ಸಲಹೆಗಾರರು, ‘ಸರಕು ಯಾಕೆ ಕಳಿಸುತ್ತೀರಿ, ಹವಾನಾ ಹತ್ತಿರದ ಮರಿಯೆಲ್ ಬಂದರಿನ ವಿಶೇಷ ವಲಯದಲ್ಲಿ ಜೋಡಣೆ ಘಟಕ ಹಾಕಿ, 10 ವರ್ಷ ಲಾಭದ ಮೇಲೆ ತೆರಿಗೆಯೇ ಇಲ್ಲ’ ಎನ್ನುತ್ತಿದ್ದಾರೆ. ಬ್ಯಾಂಕಿನವರು ಮಾತ್ರ ಕ್ಯೂಬಾ ಅಂದ ಕೂಡಲೇ ಮುಖ ತಿರುಗಿಸಿದರು. ಪಾಲುದಾರರಲ್ಲಿ ಒಬ್ಬರ ಹತ್ತಿರ ಗ್ರೀನ್ ಕಾರ್ಡ್ ಇದೆ, ಪಾಲು 20%. ಅಮೆರಿಕಕ್ಕೆ ನಮ್ಮ ನೇರ ರಫ್ತು ಇಲ್ಲ. ಭಾರತದ ಕಾನೂನಿನಲ್ಲಿ ಕ್ಯೂಬಾ ವ್ಯಾಪಾರಕ್ಕೆ ಅಡ್ಡಿಯಿಲ್ಲ ಎಂಬಷ್ಟು ಗೊತ್ತು. ಮುಂದೆ?

ಸುಂಕದಕಟ್ಟೆ

ಗ್ರೀನ್ ಕಾರ್ಡಿನಿಂದ ಶುರು ಮಾಡೋಣ. ಎಲ್ಲರೂ ಕೊನೆಗೆ ನೋಡುವುದು ಅದನ್ನೇ, ಮೊದಲು ಸಿಕ್ಕಿಬೀಳುವುದೂ ಅಲ್ಲೇ.

ಅಮೆರಿಕ 1962ರ ಫೆಬ್ರುವರಿಯಲ್ಲಿ ಪೂರ್ತಿ ನಿರ್ಬಂಧ ಹೇರಿತು. ಇವತ್ತಿಗೂ ನಡೆಯುತ್ತಿರುವ ನಿಯಮಾವಳಿ 1963ರ ಜುಲೈನದ್ದು, ಜಾರಿ ಮಾಡುವುದು ಖಜಾನೆ ಇಲಾಖೆಯ ಒಫ್ಯಾಕ್ ಕಚೇರಿ. ಅದರ ಪ್ರಕಾರ ಅಮೆರಿಕದ ಪ್ರಜೆ, ಗ್ರೀನ್ ಕಾರ್ಡ್ ಇರುವವರು, ಅಮೆರಿಕದ ನೆಲದ ಮೇಲಿರುವ ಯಾರೇ ಆಗಲಿ (ಎಚ್-1ಬಿಯವರೂ ಸೇರಿ), ಇಂಥವರ ಒಡೆತನ ಅಥವಾ ಹಿಡಿತದಲ್ಲಿರುವ ಹೊರದೇಶದ ಕಂಪನಿ, ಎಲ್ಲರೂ ಕಾನೂನಿನ ಒಳಗೆ. ಕೊನೆಯದನ್ನು ಗಮನಿಸಿ. ಬೇರೆ ಬಹುತೇಕ ನಿರ್ಬಂಧಗಳಲ್ಲಿ ಅಮೆರಿಕನ್ ಕಂಪನಿಯ ಹೊರದೇಶದ ಅಂಗಸಂಸ್ಥೆ ತಪ್ಪಿಸಿಕೊಳ್ಳುತ್ತದೆ. ಕ್ಯೂಬಾ, ಇರಾನ್ ವಿಷಯದಲ್ಲಿ ಆ ಸಡಿಲ ಇಲ್ಲ. ಹೊರವರ್ತುಲ ರಸ್ತೆಯ ಅಮೆರಿಕನ್ ಕಂಪನಿಗಳ ಬೆಂಗಳೂರು ಶಾಖೆಗಳು ಕ್ಯೂಬಾದ ಗ್ರಾಹಕರಿಗೆ ಸಾಫ್ಟ್‌ವೇರ್ ಬೆಂಬಲವನ್ನೂ ಕೊಡದಿರುವುದಕ್ಕೆ ಇದೇ ಕಾರಣ.

ನಿಮ್ಮ ಪಾಲುದಾರರದು 20%, ಹಿಡಿತ ಇನ್ನೊಬ್ಬರ ಕೈಯಲ್ಲಿ ಇದ್ದರೆ ಕಂಪನಿ ಹೊರಗುಳಿಯುತ್ತದೆ. ವ್ಯಕ್ತಿಯಾಗಿ ಅವರು ಮಾತ್ರ ಒಳಗೇ. ಅವರು ದರಪಟ್ಟಿಗೆ ಸಹಿ ಹಾಕಬಾರದು, ಅನುಮೋದಿಸಬಾರದು, ಇಮೇಲಿನಲ್ಲಿ ‘ಓಕೆ’ ಎಂದೂ ಬರೆಯಬಾರದು. ಈ ಆರ್ಡರಿನ ಲಾಭದಲ್ಲಿ ಪಾಲು ಪಡೆಯುವುದೂ ಅವರಿಗೆ ತೊಡಕೇ. ಅವರನ್ನು ಹೊರಗಿಟ್ಟ ನಿರ್ಣಯ ಮೊದಲ ಕೊಟೇಶನ್‌ಗಿಂತ ಹಿಂದಿನ ತಾರೀಖಿನಲ್ಲಿ ಪುಸ್ತಕದಲ್ಲಿ ಇರಬೇಕು. ಆಮೇಲೆ ಬರೆದು ಹಿಂದಿನ ತಾರೀಖು ಹಾಕಿದರೆ ಅದು ಇನ್ನೊಂದು ಅಪರಾಧ. ಸಿವಿಲ್ ದಂಡ ಒಂದೊಂದು ಉಲ್ಲಂಘನೆಗೆ 1 ಲಕ್ಷ ಡಾಲರ್ ಮೀರುತ್ತದೆ, ಒಂದೊಂದು ಇನ್‌ವಾಯ್ಸೂ ಒಂದೊಂದು ಉಲ್ಲಂಘನೆ. 2024ರ ಏಪ್ರಿಲ್‌ನಿಂದ ಹಳೆಯದನ್ನು ಕೆದಕುವ ಅವಧಿಯನ್ನೂ 5ರಿಂದ 10 ವರ್ಷಕ್ಕೆ ಏರಿಸಿದ್ದಾರೆ.

ಎರಡನೆಯದು ಆ ಚಿಪ್ಪು. ಕ್ಯೂಬಾಕ್ಕೆ ಹೋಗುವ ವಸ್ತುವಿನಲ್ಲಿ ಅಮೆರಿಕ ಮೂಲದ ನಿಯಂತ್ರಿತ ಭಾಗಗಳ ಬೆಲೆ 10% ದಾಟಬಾರದು. ದಾಟಿದರೆ ನಿಮ್ಮ ಪಂಪ್ ಅಮೆರಿಕದ ರಫ್ತು ನಿಯಮದೊಳಗೆ ಬಂದು ಲೈಸೆನ್ಸ್ ಬೇಡುತ್ತದೆ. ಬೇರೆ ಬಹಳಷ್ಟು ದೇಶಗಳಿಗೆ ಈ ಮಿತಿ 25%. ಅಷ್ಟೇ ಅಲ್ಲ, ಬೇರೆಡೆ ಲೆಕ್ಕಕ್ಕೇ ಬಾರದ ಸಾಧಾರಣ ಬಿಡಿಭಾಗ ಕೂಡ ಕ್ಯೂಬಾಕ್ಕೆ ಲೈಸೆನ್ಸ್ ಬೇಕಾದ್ದರಿಂದ ಲೆಕ್ಕಕ್ಕೆ ಬರುತ್ತದೆ.

ಚಿಪ್ 6 ಡಾಲರ್, ಮಾಡ್ಯೂಲ್ 24 ಡಾಲರ್ ಎಂದಿಟ್ಟುಕೊಳ್ಳಿ. 1,500 ಡಾಲರಿನ ಸೆಟ್‌ನಲ್ಲಿ 30 ಡಾಲರ್, ಅಂದರೆ 2%. ನಿಶ್ಚಿಂತೆ. ಈಗ ವಾರಂಟಿಗೆಂದು ಬಿಡಿ ಕಂಟ್ರೋಲರ್ ಕಳಿಸುತ್ತೀರಿ: 180ರಲ್ಲಿ 30, ಸುಮಾರು 16.7%. ಸೆಟ್ ಸಲೀಸಾಗಿ ಹೋಗುತ್ತದೆ, ಅದರ ಬಿಡಿಭಾಗ ಸಿಕ್ಕಿಬೀಳುತ್ತದೆ. ಇದನ್ನು ಮೊದಲ ದಿನವೇ ಲೆಕ್ಕ ಹಾಕದೆ ಎರಡು ವರ್ಷದ ವಾರಂಟಿ ಬರೆದುಕೊಟ್ಟರೆ ಮುಗಿಯಿತು.

ಈ 10% ಎಷ್ಟು ಗಂಭೀರ ಎಂಬುದಕ್ಕೆ ನಮ್ಮವರೂ ಭಾಗಿಯಾಗಿದ್ದ ಉದಾಹರಣೆ ಇದೆ. 2012ರಲ್ಲಿ ಕ್ಯೂಬಾದ ಆಳಸಮುದ್ರದಲ್ಲಿ ಸ್ಪೇನಿನ ರೆಪ್ಸೋಲ್, ನಾರ್ವೆಯ ಸ್ಟಾಟ್‌ಆಯಿಲ್ ಮತ್ತು ನಮ್ಮ ಒಎನ್‌ಜಿಸಿ ವಿದೇಶ್ ಸೇರಿ ತೈಲಬಾವಿ ಕೊರೆದವು. ಅದಕ್ಕೆ ತಂದ ಸ್ಕರಬೇವೊ-9 ರಿಗ್‌ ಅನ್ನು ಚೀನಾದಲ್ಲಿ ಕಟ್ಟಿ ಸಿಂಗಪುರದಲ್ಲಿ ಮುಗಿಸಿದ್ದರು, ಅಮೆರಿಕದ ಭಾಗ 10% ದಾಟದಂತೆ ಎಣಿಸಿ ಎಣಿಸಿ. ಬಾವಿಯಲ್ಲಿ ತೈಲ ಸಿಗಲಿಲ್ಲ, ಅದು ಬೇರೆ ಮಾತು. ಬೇರೆಯವರು ಕೊರೆದದ್ದೂ ಸೇರಿ ಮೂರು ಬಾವಿ ಬರಿದಾದ ಮೇಲೆ ಆ ವರ್ಷವೇ ರಿಗ್ ಹೊರಟಿತು. ಹಾಗೆ ಲೆಕ್ಕ ಹಾಕಿ ತಂದ ಇನ್ನೊಂದು ರಿಗ್ ಬಾಡಿಗೆಗೆ ಸಿಗುವುದು ಸುಲಭವಲ್ಲ.

ಇನ್ನು ಯುರೋಪಿಯನ್ ಒಕ್ಕೂಟ, ಕೆನಡಾ, ಮೆಕ್ಸಿಕೊಗಳಲ್ಲಿ ತಮ್ಮ ಕಂಪನಿಗಳಿಗೆ ‘ಅಮೆರಿಕದ ಈ ಕಾನೂನಿಗೆ ತಲೆಬಾಗಬೇಡಿ’ ಎನ್ನುವ ರಕ್ಷಣಾ ಕಾನೂನುಗಳಿವೆ. ಭಾರತದಲ್ಲಿ ಅಂಥದ್ದಿಲ್ಲ. ವಿಶ್ವಸಂಸ್ಥೆಯಲ್ಲಿ ವರ್ಷವರ್ಷವೂ ನಿರ್ಬಂಧದ ವಿರುದ್ಧ ಕೈ ಎತ್ತುತ್ತೇವೆ, ಆದರೆ ಬ್ಯಾಂಕಿನ ಕೌಂಟರಿನಲ್ಲಿ ಆ ಕೈ ಕೆಲಸಕ್ಕೆ ಬರುವುದಿಲ್ಲ.

ನೊಸ್ಟ್ರೋ

ಬ್ಯಾಂಕಿನವರು ಮುಖ ತಿರುಗಿಸಿದ್ದರಲ್ಲಿ ಆಶ್ಚರ್ಯವಿಲ್ಲ. 2014ರಲ್ಲಿ ಫ್ರಾನ್ಸಿನ ಬ್ಯಾಂಕ್ ಬಿಎನ್‌ಪಿ ಪರಿಬಾ ಸುಡಾನ್, ಇರಾನ್, ಕ್ಯೂಬಾ ವ್ಯವಹಾರಗಳಿಗಾಗಿ ಅಮೆರಿಕಕ್ಕೆ ಸುಮಾರು 897 ಕೋಟಿ ಡಾಲರ್ ದಂಡ ತೆತ್ತಿತು. ನಿಮ್ಮ 3 ಲಕ್ಷ ಡಾಲರಿನ ಬಿಲ್ಲಿಗಾಗಿ ಯಾವ ಬ್ಯಾಂಕೂ ತನ್ನ ನ್ಯೂಯಾರ್ಕ್ ಖಾತೆಯನ್ನು ಪಣಕ್ಕಿಡುವುದಿಲ್ಲ.

ಡಾಲರಿನಲ್ಲಿ ಇನ್‌ವಾಯ್ಸ್ ಮಾಡಬೇಡಿ. ಎರಡು ಕಡೆಯ ಬ್ಯಾಂಕುಗಳು ಎಲ್ಲೇ ಇರಲಿ, ಡಾಲರ್ ನ್ಯೂಯಾರ್ಕ್ ಹಾದೇ ಬರುತ್ತದೆ, ಅಲ್ಲಿ ‘ಹವಾನಾ’ ಎಂಬ ಪದ ಕಂಡರೆ ಹಣ ನಿಂತುಬಿಡುತ್ತದೆ. ವಾಪಸ್ ಬಂದರೆ ಪುಣ್ಯ, ತಡೆಹಿಡಿದ ಖಾತೆಗೆ ಹೋದರೆ ಬಿಡಿಸಲು ಒಫ್ಯಾಕ್ ಲೈಸೆನ್ಸ್ ಬೇಕು. ಹೊರದೇಶದಿಂದ ಹೊರದೇಶಕ್ಕೆ ನ್ಯೂಯಾರ್ಕ್ ಮೂಲಕ ದಾಟಿಹೋಗುವ ಪಾವತಿಯನ್ನು 2019ರಲ್ಲಿ ಮುಚ್ಚಿದರು, 2024ರ ಮೇನಲ್ಲಿ ತೆರೆದರು. ಹೀಗೆ ಸರ್ಕಾರ ಬದಲಾದಂತೆ ತೆರೆದು ಮುಚ್ಚುವ ಬಾಗಿಲನ್ನು ನಂಬಿ ಕರಾರು ಬರೆಯುವಂತಿಲ್ಲ. ಯೂರೊ ಬರೆಯಿರಿ.

ಯೂರೊ ಆದರೂ ಬ್ಯಾಂಕಿನ ಒಳನಿಯಮ ಅಡ್ಡ ಬರಬಹುದು. ಆದ್ದರಿಂದ ದರಪಟ್ಟಿ ಕಳಿಸುವ ಮುಂಚೆ ಬ್ಯಾಂಕಿನ ವಿದೇಶಿ ವ್ಯಾಪಾರ ವಿಭಾಗಕ್ಕೆ ಒಂದು ಪುಟದ ಪತ್ರ ಕೊಡಿ: ಸರಕು ಏನು, ಸುಂಕದವರು ಸರಕು ಗುರುತಿಸುವ ಎಚ್‌ಎಸ್ ಕೋಡ್ ಎಷ್ಟು (ಸೆಂಟ್ರಿಫ್ಯೂಗಲ್ ಪಂಪ್ 8413 70, ಬಿಡಿ ಕಂಟ್ರೋಲರ್ 8504 40), ಖರೀದಿದಾರ ಯಾರು, ಬಳಸುವವರು ಯಾರು, ಹಣ ಯಾವ ದೇಶದ ಯಾವ ಬ್ಯಾಂಕಿನಿಂದ ಬರುತ್ತದೆ, ಅಮೆರಿಕದ ಭಾಗ ಶೇಕಡಾ ಎಷ್ಟು. ಉತ್ತರ ಬರಹದಲ್ಲಿ ಬೇಕು. ಶಾಖೆಯ ಮ್ಯಾನೇಜರ್ ಬಾಯಲ್ಲಿ ಹೇಳಿದ್ದು ಮುಂಬೈ ಕಚೇರಿಯಲ್ಲಿ ನಿಲ್ಲುವುದಿಲ್ಲ.

ಕ್ಯೂಬಾದ ಖಾಸಗಿ ಕಂಪನಿಗಳು ಸಾಮಾನ್ಯವಾಗಿ ಪನಾಮಾ, ಸ್ಪೇನ್, ಮೆಕ್ಸಿಕೊದಲ್ಲಿರುವ ಯಾರದೋ ಖಾತೆಯಿಂದ ಹಣ ಕಟ್ಟಿಸುತ್ತವೆ. ಇದು ನಮ್ಮ ಲೆಕ್ಕದಲ್ಲಿ ಮೂರನೆಯವರ ಪಾವತಿ. ಆರ್‌ಬಿಐ ಇದಕ್ಕೆ ಅವಕಾಶ ಕೊಟ್ಟಿದೆ, ಆದರೆ ಕೊಡುವವರು ಯಾರೆಂದು ಆರ್ಡರಿನಲ್ಲಿ ಅಥವಾ ತ್ರಿಪಕ್ಷೀಯ ಒಪ್ಪಂದದಲ್ಲಿ ಕಾಣಿಸಬೇಕು, ರಫ್ತು ಘೋಷಣೆಯಲ್ಲೂ ಅದೇ ಹೆಸರಿರಬೇಕು. ಮಯಾಮಿಯ ನೆಂಟರ ಖಾತೆಯಿಂದ ಕಳಿಸುತ್ತೇವೆ ಎಂದರೆ ಅಲ್ಲಿಗೇ ನಿಲ್ಲಿಸಿ.

ಉದ್ದರಿಯ ಮಾತು. ಕ್ಯೂಬಾದ ಸರ್ಕಾರಿ ಖರೀದಿಯಲ್ಲಿ 360 ದಿನದ ಸಾಲಪತ್ರ (ಎಲ್‌ಸಿ, ಹಣ ಕೊಡುತ್ತೇನೆಂದು ಬ್ಯಾಂಕು ಬರೆದುಕೊಡುವ ಪತ್ರ) ಮಾಮೂಲು. ಮುದ್ರೆ, ಸಹಿ ಎಲ್ಲ ಸರಿಯಾಗಿರುತ್ತದೆ, 360ನೆಯ ದಿನ ಬ್ಯಾಂಕಿನಲ್ಲಿ ವಿದೇಶಿ ವಿನಿಮಯ ಇರುವುದಿಲ್ಲ. 2009ರಲ್ಲಿ ವಿದೇಶಿ ಕಂಪನಿಗಳ ಖಾತೆಗಳನ್ನೇ ಸ್ಥಗಿತಗೊಳಿಸಿದ್ದರು. ಅಂದರೆ ಪೆಟ್ಟಿಗೆಯಲ್ಲಿ ಹಣ ಇದೆ ಎಂದು ಕಾಗದ ಹೇಳುತ್ತದೆ, ದೇಶದ ಹೊರಗೆ ಒಯ್ಯಲಾಗುವುದಿಲ್ಲ. 2015ರಲ್ಲಿ ಸಾಲ ಕೊಟ್ಟ ಸರ್ಕಾರಗಳ ಕೂಟವಾದ ಪ್ಯಾರಿಸ್ ಕ್ಲಬ್ ದೇಶಗಳು 1,110 ಕೋಟಿ ಡಾಲರ್ ಬಾಕಿಯಲ್ಲಿ 850 ಕೋಟಿ ಮನ್ನಾ ಮಾಡಿ, ಉಳಿದದ್ದನ್ನು 2033ರವರೆಗೆ ಕಂತು ಮಾಡಿಕೊಟ್ಟವು. 2019ರಿಂದ ಆ ಕಂತೂ ತಪ್ಪಿತು. ಸರ್ಕಾರಗಳಿಗೇ ಹೀಗಾದರೆ ಪೀಣ್ಯದ ಘಟಕ ಯಾವ ಲೆಕ್ಕ?

ನಮ್ಮ ಕಡೆ ರಫ್ತಿನ ಹಣ ತರಿಸಿಕೊಳ್ಳುವ ಗಡುವು ಮೊದಲು 9 ತಿಂಗಳಿತ್ತು, 2025ರ ನವೆಂಬರ್‌ನಲ್ಲಿ 15 ತಿಂಗಳಿಗೆ ಏರಿಸಿದರು. 360 ದಿನದ ಉದ್ದರಿ ಕಾಗದದ ಮೇಲೆ ಈಗ ಅದರೊಳಗೆ ಕೂರುತ್ತದೆ. ಅದನ್ನೇ ನೆಪ ಮಾಡಿಕೊಂಡು ಉದ್ದರಿ ಕೊಡಬೇಡಿ. ಪೂರ್ತಿ ಮುಂಗಡ, ಇಲ್ಲವೇ ಮೂರನೆಯ ದೇಶದ ಬ್ಯಾಂಕು ದೃಢೀಕರಿಸಿದ ಸಾಲಪತ್ರ. ‘ದೃಢೀಕರಿಸಿದ’ ಅನ್ನುವ ಪದ ಮುಖ್ಯ, ಆಗ ಆ ಬ್ಯಾಂಕೇ ಹಣದ ಹೊಣೆ ಹೊರುತ್ತದೆ. ಬರೀ ತಿಳಿಸುವ ಬ್ಯಾಂಕು ಅಂಚೆಯಣ್ಣ ಇದ್ದ ಹಾಗೆ.

ಅರವತ್ತು_ಹರ್ಟ್ಜ್

ಕಾನೂನು, ಹಣ ಎಲ್ಲ ಸರಿಹೋಗಿ ಸೆಟ್ ಅಲ್ಲಿ ಇಳಿಯಿತು ಅನ್ನಿ. ಆಮೇಲಿನ ಕಥೆ.

ಕ್ಯೂಬಾದ್ದು 60 ಹರ್ಟ್ಜ್, ಮನೆಗಳಲ್ಲಿ 110 ಮತ್ತು 220 ವೋಲ್ಟ್ ಎರಡೂ. ಸೋಲಾರ್ ಡ್ರೈವ್ (ನಿಮ್ಮ ಕಂಟ್ರೋಲರ್) ತಾನೇ ಆವರ್ತನ ನಿರ್ಧರಿಸುವುದರಿಂದ ಹಗಲು ತೊಂದರೆಯಿಲ್ಲ. ಆದರೆ ನಮ್ಮ ಬಹಳ ಸೆಟ್‌ಗಳಲ್ಲಿ ಡ್ರೈವ್ ತಪ್ಪಿಸಿ ಮೋಟರನ್ನು ನೇರ ಗ್ರಿಡ್‌ಗೆ ಕೊಡುವ ಚೇಂಜ್‌ಓವರ್ ಇರುತ್ತದೆ. ಅಲ್ಲಿ ಸುಡುತ್ತದೆ. ನಮ್ಮ 50 ಹರ್ಟ್ಜ್ ಪಂಪ್ 60ಕ್ಕೆ ಓಡಿದರೆ ವೇಗ 1.2 ಪಟ್ಟು, ಹೆಡ್ (ನೀರು ಎತ್ತುವ ಎತ್ತರ) 1.44 ಪಟ್ಟು, ಪವರ್ 1.73 ಪಟ್ಟು. ‘10 ಹಂತದ ಪಂಪಿನಲ್ಲಿ 3 ತೆಗೆದು 7 ಮಾಡಿದರೆ ಸರಿ’ ಎನ್ನುವವರಿದ್ದಾರೆ. ಹೆಡ್ ಸರಿಹೋಗುತ್ತದೆ, ನೀರು 20% ಹೆಚ್ಚು ಬರುತ್ತದೆ, ಪವರ್ ಆಗಲೂ ಶೇಕಡಾ 21ರಷ್ಟು ಜಾಸ್ತಿಯೇ. ಮೋಟರ್ ಒಂದು ಗಾತ್ರ ಮೇಲಿನದು ಹಾಕಿ, ಇಲ್ಲವೇ ಚೇಂಜ್‌ಓವರನ್ನೇ ತೆಗೆದು ಗ್ರಿಡ್ ವಿದ್ಯುತ್ತನ್ನೂ ಡ್ರೈವ್ ಮೂಲಕವೇ ಒಯ್ಯಿರಿ. ಎರಡನೆಯದೇ ಒಳ್ಳೆಯದು, ಯಾಕೆಂದರೆ ಗ್ರಿಡ್ ನೆಚ್ಚುವ ಸ್ಥಿತಿಯಲ್ಲಿಲ್ಲ. 2024ರ ಅಕ್ಟೋಬರ್ 18ರಂದು ಅಂತೋನಿಯೊ ಗಿತೆರಾಸ್ ಸ್ಥಾವರ ನಿಂತು ಇಡೀ ದೇಶ ಕತ್ತಲಾಯಿತು, ಆಮೇಲೂ ಪದೇ ಪದೇ ಹಾಗಾಗಿದೆ. ನಿಮ್ಮ ಪಂಪಿಗೆ ಗಿರಾಕಿ ಹುಟ್ಟಿರುವುದೂ ಅದರಿಂದಲೇ.

ಹವಾನಾ, ಮತಾನ್ಸಾಸ್ ಕಡೆಯ ದಕ್ಷಿಣ ಬಯಲು ಸುಣ್ಣಕಲ್ಲಿನ ನೆಲ. ನೀರು ಗಡಸು, ದಕ್ಷಿಣ ಕರಾವಳಿಯಲ್ಲಿ ಉಪ್ಪು ಒಳನುಗ್ಗಿದೆ. ಕೋಲಾರದ ಬೋರಿಗೆ ಹಾಕುವ 304 ಸ್ಟೀಲ್ ಅಲ್ಲಿ ಸಂದುಗಳಲ್ಲಿ ತೂತು ಬೀಳುತ್ತದೆ. ಕೊಳವೆಬಾವಿ ಎಲ್ಲಿದೆ, ನೀರಿನ ಕ್ಲೋರೈಡ್ ಎಷ್ಟು ಎಂದು ಮೊದಲು ಕೇಳಿ, ಕರಾವಳಿಗೆ ಹತ್ತಿರವಾದರೆ ಉಪ್ಪು ತಡೆಯುವ 316 ಸ್ಟೀಲ್ ಕೊಡಿ. ಸೆಟ್ ಬೆಲೆ ಏರುತ್ತದೆ. ಈಗಲೇ ದರಕ್ಕೆ ಸೇರಿಸದಿದ್ದರೆ ಆಮೇಲೆ ನಿಮ್ಮ ಗಂಟಿನಿಂದ ಹೋಗುತ್ತದೆ.

ಗಾಳಿ. ನಮ್ಮ ಟೆಂಡರ್‌ಗಳಲ್ಲಿ ಪ್ಯಾನೆಲ್ ಸ್ಟ್ಯಾಂಡಿಗೆ ಗಂಟೆಗೆ 150 ಕಿ.ಮೀ. ಬರೆಯುತ್ತಾರೆ. 2022ರ ಸೆಪ್ಟೆಂಬರ್‌ನ ಇಯಾನ್, 2024ರ ನವೆಂಬರ್‌ನ ರಫಾಯೆಲ್ ಎರಡೂ ಕ್ಯೂಬಾಕ್ಕೆ ಅಪ್ಪಳಿಸಿದಾಗ ಮೂರನೆಯ ದರ್ಜೆಯ ಚಂಡಮಾರುತಗಳು, ಆ ದರ್ಜೆ ಶುರುವಾಗುವುದೇ 178ಕ್ಕೆ. ಒತ್ತಡ ವೇಗದ ವರ್ಗಕ್ಕೆ ಏರುವುದರಿಂದ 40% ಹೆಚ್ಚು ಬಲ ಬೇಕು. ಅಷ್ಟು ಕಬ್ಬಿಣ ಹಾಕುವ ಬದಲು ನಾಲ್ಕು ಬೋಲ್ಟ್ ಬಿಚ್ಚಿ ಪ್ಯಾನೆಲ್ ಇಳಿಸಿ ಕೊಟ್ಟಿಗೆಗೆ ಒಯ್ಯುವಂತೆ ಸ್ಟ್ಯಾಂಡ್ ಮಾಡಿ. ಕಂಟ್ರೋಲರಿನ ಮಾರ್ಗದರ್ಶಿ, ದೋಷ ಸಂಕೇತಗಳು ಸ್ಪ್ಯಾನಿಷ್‌ನಲ್ಲಿರಲಿ. ಇಂಟರ್ನೆಟ್ ನೋಡಿ ರಿಪೇರಿ ಮಾಡಿಕೊಳ್ಳುತ್ತಾರೆ ಎಂದು ಕೂರಬೇಡಿ.

ಪೀಣ್ಯ_ಪಂಪ್

ಬಿಡಿ ಕಂಟ್ರೋಲರಿನ 16.7% ನೋಡಿ ತಲೆ ತಿರುಗಿತು. ಪ್ರತಿ 20 ಸೆಟ್‌ಗೆ ಒಂದು ಹೆಚ್ಚುವರಿ ಬೋರ್ಡನ್ನು ಅದೇ ಪೆಟ್ಟಿಗೆಯಲ್ಲಿ, ಅದೇ ಇನ್‌ವಾಯ್ಸಿನಲ್ಲಿ ‘ಸೆಟ್’ ಎಂದೇ ಕಳಿಸಿದರೆ ಆಗುವುದಿಲ್ಲವೇ? ಮತ್ತೆ ಮರಿಯೆಲ್ ಬಗ್ಗೆ ಯಾರೂ ಹೇಳಲಿಲ್ಲ.

ಸುಂಕದಕಟ್ಟೆ

ಆಗುವುದಿಲ್ಲ. ಶೇಕಡಾ ಲೆಕ್ಕ ಪೆಟ್ಟಿಗೆಗೆ ಅಲ್ಲ, ವಸ್ತುವಿಗೆ. ಮೋಟರಿಗೆ ಜೋಡಿಸದ ಬೋರ್ಡ್ ಬೇರೆಯೇ ವಸ್ತು, ಯಾವ ಪೆಟ್ಟಿಗೆಯಲ್ಲಿ ಕೂತರೂ. ದಾರಿ ಇರುವುದು ವಿನ್ಯಾಸದಲ್ಲಿ. ಐಜಿಬಿಟಿಯನ್ನು ಜಪಾನ್ ಅಥವಾ ಯುರೋಪಿನಲ್ಲಿ ತಯಾರಾದದ್ದಕ್ಕೆ ಬದಲಿಸಿ. ಆಗ ಉಳಿಯುವುದು 180ರಲ್ಲಿ 6, ಅಂದರೆ 3.3%. ಬ್ರ್ಯಾಂಡಿನ ಹೆಸರು ನೋಡಿ ತೀರ್ಮಾನಿಸಬೇಡಿ, ಮೂಲ ದೇಶದ ಪತ್ರವನ್ನು ಭಾಗದ ಸಂಖ್ಯೆಯ ಸಮೇತ ಪಡೆಯಿರಿ. ಬೋರ್ಡಿಗೆ ತುಂಬುವ ಸಾಫ್ಟ್‌ವೇರ್‌ನಲ್ಲಿ ಅಮೆರಿಕದಿಂದ ಕೊಂಡ ಲೈಬ್ರರಿ ಇದ್ದರೆ ಅದರ ಬೆಲೆಯನ್ನೂ ಸೇರಿಸಬೇಕು. ಈ ಲೆಕ್ಕದ ಹಾಳೆಗೆ ತಾರೀಖು ಹಾಕಿ ಇಟ್ಟುಕೊಳ್ಳಿ, ಬಿಡಿಭಾಗದ ದರ ಬದಲಾದಾಗಲೆಲ್ಲ ಹೊಸ ಹಾಳೆ.

ಹಡಗುಕಟ್ಟೆ

ಮರಿಯೆಲ್ ಬಗ್ಗೆ. ಸಲಹೆಗಾರರು ಹೇಳಿದ್ದು ಸುಳ್ಳಲ್ಲ, ಅರ್ಧ.

ಹವಾನಾದಿಂದ ಪಶ್ಚಿಮಕ್ಕೆ 45 ಕಿ.ಮೀ., 465 ಚದರ ಕಿ.ಮೀ. ವಲಯ, 2013ರ ಆದೇಶ-ಕಾನೂನು 313. ಬಂದರಿನ ಕಂಟೇನರ್ ಕಟ್ಟೆಯನ್ನು ಬ್ರೆಜಿಲ್‌ನ ಸಾಲದಲ್ಲಿ ಅಲ್ಲಿನದೇ ನಿರ್ಮಾಣ ಕಂಪನಿ ಓದೆಬ್ರೆಕ್ಟ್ ಕಟ್ಟಿತು, ನಡೆಸುವುದು ಸಿಂಗಪುರದ ಬಂದರು ಕಂಪನಿ ಪಿಎಸ್‌ಎ. ಲಾಭದ ಮೇಲೆ 10 ವರ್ಷ ತೆರಿಗೆಯಿಲ್ಲ, ಆಮೇಲೆ 12%. ಜಾಗ 50 ವರ್ಷದವರೆಗೆ. ಯಂತ್ರ ತರಲು ಸುಂಕವಿಲ್ಲ. ವಲಯದ ಹೊರಗೆ 2014ರ ಕಾನೂನು 118ರ ಪ್ರಕಾರ ಜಂಟಿ ಉದ್ಯಮಕ್ಕೆ 8 ವರ್ಷ ವಿನಾಯಿತಿ, ಆಮೇಲೆ 15%. ನೂರಕ್ಕೆ ನೂರು ವಿದೇಶಿ ಬಂಡವಾಳದ ಕಂಪನಿಗೆ ಆ 8 ವರ್ಷ ಸಿಗುವುದಿಲ್ಲ.

ಆದರೆ ಸ್ವಾಮಿ, ತೆರಿಗೆ ಉಳಿಯುವುದು ಲಾಭ ಬಂದರೆ. ಲಾಭ ಯಾವ ಹಣದಲ್ಲಿ ಬರುತ್ತದೆ? ಪಂಪ್ ಕೊಳ್ಳುವವರು ಕ್ಯೂಬಾದ ರೈತರು, ಕೊಡುವುದು ಪೆಸೊ. 2021ರಲ್ಲಿ ಎರಡು ನಾಣ್ಯಗಳನ್ನು ಒಂದು ಮಾಡಿ ಡಾಲರಿಗೆ 24 ಎಂದರು. 2022ರ ಆಗಸ್ಟ್‌ನಲ್ಲಿ ಜನರಿಗೆ 120ರ ದರ ಬಂತು. ಬೀದಿಯಲ್ಲಿ 2024ರಲ್ಲೇ 300 ದಾಟಿತ್ತು. ನೀವು ಸರಕು ಮಾರಿ ಮುಂಗಡ ಪಡೆದರೆ ಪೆಸೊವನ್ನು ಯೂರೊ ಮಾಡುವ ತಲೆನೋವು ಕೊಳ್ಳುವವನದು. ಅಲ್ಲೇ ಘಟಕ ಹಾಕಿದರೆ ಅದು ನಿಮ್ಮದು. ಇಷ್ಟೇ ವ್ಯತ್ಯಾಸ, ಆದರೆ ಇದೇ ಎಲ್ಲ.

ಕೆಲಸಗಾರರನ್ನು ರೂಢಿಯಂತೆ ಸರ್ಕಾರಿ ನೇಮಕ ಸಂಸ್ಥೆಯ ಮೂಲಕ ಪಡೆಯಬೇಕು. ನೀವು ವಿದೇಶಿ ಹಣ ಕಟ್ಟುತ್ತೀರಿ, ಅವರಿಗೆ ಪೆಸೊ ಸಿಗುತ್ತದೆ. ಒಳ್ಳೆಯ ಫಿಟ್ಟರ್ ಯಾಕೆ ನಿಲ್ಲುವುದಿಲ್ಲ ಎಂದು ಆಮೇಲೆ ಕೇಳಬೇಡಿ. ರಫ್ತಿಗೆಂದು ಘಟಕ ಹಾಕುವವರಿಗೂ ಎದುರಿನ ಫ್ಲೋರಿಡಾ ಮುಚ್ಚಿದ ಬಾಗಿಲು.

ಸರಳ ಅಳತೆ: 200 ಸೆಟ್, ಸೆಟ್‌ಗೆ 50–60 ಕಿಲೊ, ಒಟ್ಟು 10–12 ಟನ್. ಒಂದು 20 ಅಡಿ ಕಂಟೇನರ್. ವರ್ಷಕ್ಕೆ ಒಂದು ಕಂಟೇನರ್ ತುಂಬುವ ಸರಕಿಗೆ ಕಾರ್ಖಾನೆ ಕಟ್ಟುತ್ತಾರೆಯೇ?

ಜಾಗದ ಇನ್ನೊಂದು ಮುಳ್ಳು. 1959ರ ಕ್ರಾಂತಿಯ ನಂತರ ಮುಟ್ಟುಗೋಲಾದ ಆಸ್ತಿಯನ್ನು ಬಳಸಿದವರ ಮೇಲೆ ಅಮೆರಿಕದ ಕೋರ್ಟಿನಲ್ಲಿ ದಾವೆ ಹೂಡಲು 1996ರ ಹೆಲ್ಮ್ಸ್-ಬರ್ಟನ್ ಕಾನೂನಿನ ಮೂರನೆಯ ಭಾಗ ಅವಕಾಶ ಕೊಡುತ್ತದೆ. ಎಲ್ಲ ಅಧ್ಯಕ್ಷರೂ ಆರಾರು ತಿಂಗಳಿಗೆ ಅದನ್ನು ಅಮಾನತಿನಲ್ಲಿಡುತ್ತಿದ್ದರು, 2019ರ ಮೇ 2ರಿಂದ ಟ್ರಂಪ್ ಬಿಟ್ಟುಬಿಟ್ಟರು. ನೋಂದಾಯಿತ ಹಕ್ಕುಗಳು 5,913, ಪಟ್ಟಿ ಸಾರ್ವಜನಿಕ. ಆದರೆ ಆಗ ಕ್ಯೂಬನ್ನರಾಗಿದ್ದು ಆಮೇಲೆ ಅಮೆರಿಕನ್ ಪ್ರಜೆಗಳಾದವರ ಹಕ್ಕುಗಳು ಆ ಪಟ್ಟಿಯಲ್ಲಿರುವುದಿಲ್ಲ. ಗೋದಾಮು ಬಾಡಿಗೆಗೆ ಹಿಡಿದರೂ ಸರಿ, ಆ ಜಾಗ 1959ರಲ್ಲಿ ಯಾರದಿತ್ತು ಎಂದು ದಾಖಲೆ ತೆಗೆಸಿ. ನಾಲ್ಕನೆಯ ಭಾಗದಲ್ಲಿ ಕಂಪನಿಯ ಅಧಿಕಾರಿಗಳಿಗೆ, ಅವರ ಹೆಂಡತಿ ಮಕ್ಕಳಿಗೂ ಅಮೆರಿಕ ವೀಸಾ ನಿಲ್ಲಿಸಬಹುದು.

ಸಾಗಣೆ: ನವಾ ಶೇವಾ ಅಥವಾ ಚೆನ್ನೈಯಿಂದ ಹೊರಟ ಪೆಟ್ಟಿಗೆ ಜಮೈಕಾದ ಕಿಂಗ್‌ಸ್ಟನ್, ಪನಾಮಾದ ಕೊಲೋನ್‌ನಂಥ ಬಂದರಿನಲ್ಲಿ ಹಡಗು ಬದಲಿಸಿ ಮರಿಯೆಲ್ ಸೇರುತ್ತದೆ. ಬುಕಿಂಗ್‌ನಲ್ಲಿ ‘ಅಮೆರಿಕದ ಯಾವ ಬಂದರಿನಲ್ಲೂ ಇಳಿಸುವಂತಿಲ್ಲ’ ಎಂದು ಬರೆಸಿ. ಅಗ್ಗದ ದರ ಎಂದು ಏಜೆಂಟ್ ಸವಾನಾ ಅಥವಾ ಹ್ಯೂಸ್ಟನ್ ಮೂಲಕ ಹಾಕಿದರೆ ಸರಕು ಅಲ್ಲೇ ಜಪ್ತಿ. ವಿಮಾ ಪಾಲಿಸಿಯಲ್ಲಿ ‘ನಿರ್ಬಂಧ ಷರತ್ತು’ ಇರುತ್ತದೆ. ಅದು ಕ್ಯೂಬಾ ಪ್ರಯಾಣಕ್ಕೆ ಅನ್ವಯಿಸುತ್ತದೆಯೇ ಎಂದು ವಿಮೆಯವರಿಂದ ಬರೆಸಿಕೊಳ್ಳಿ, ಇಲ್ಲದಿದ್ದರೆ ಪ್ರೀಮಿಯಂ ಕಟ್ಟಿಯೂ ಬರಿಗೈ.

ನೊಸ್ಟ್ರೋ

ಹಡಗುಕಟ್ಟೆಯವರೇ, ಕ್ಯೂಬಾಕ್ಕೆ ಹೋದ ಹಡಗು 180 ದಿನ ಅಮೆರಿಕದ ಬಂದರಿಗೆ ಹೋಗುವಂತಿಲ್ಲ ಎಂಬ 1992ರ ನಿಯಮ ಬಿಟ್ಟಿರಿ. ಬಾಡಿಗೆ ಹೆಚ್ಚಾಗುವುದು ಅದರಿಂದಲೇ ಅಲ್ಲವೇ?

ಹಡಗುಕಟ್ಟೆ

ಪೂರ್ತಿ ಹಾಗಲ್ಲ. ಮೂರನೆಯ ದೇಶದಿಂದ ಸಾಧಾರಣ, ಅನಿಯಂತ್ರಿತ ದರ್ಜೆಯ ಸರಕನ್ನಷ್ಟೇ ಒಯ್ದ ಹಡಗಿಗೆ 2016ರಲ್ಲಿ ವಿನಾಯಿತಿ ಕೊಟ್ಟರು. ಆದರೆ ಪ್ರತಿ ಪೆಟ್ಟಿಗೆಯೊಳಗೆ ಏನಿದೆ ಎಂದು ಯಾವ ನಾವಿಕ ಕಂಪನಿ ಪರೀಕ್ಷಿಸುತ್ತದೆ? ಮರಿಯೆಲ್‌ಗೆಂದೇ ಕೆಲವು ಹಡಗು ಮೀಸಲಿಡುವುದು ಅವರಿಗೆ ಸುಲಭ. ಹಡಗು ಕಮ್ಮಿ, ಬಾಡಿಗೆ ಜಾಸ್ತಿ. ಪರಿಣಾಮ ನೀವು ಹೇಳಿದ್ದೇ.

ಬೆಳಗಾವಿ_ಗಾಣ

ಪಂಪ್ ಬಿಡ್ರಿ, ಸಕ್ಕರಿ ಬಗ್ಗೆ ಯಾರೂ ಮಾತಾಡವಲ್ರಿ. ಒಂದ್ ಕಾಲಕ್ಕ ವರ್ಷಕ್ಕ 80 ಲಕ್ಷ ಟನ್ ಸಕ್ಕರಿ ಮಾಡತಿದ್ದ ದೇಶ ಅದು. 2002ರಾಗ 156 ಕಾರ್ಖಾನಿ ಪೈಕಿ ಹತ್ತತ್ರ ಅರ್ಧ ಮುಚ್ಚಿದ್ರು. 2022–23ರ ಹಂಗಾಮಿನ್ಯಾಗ ಬರೇ ಮೂರೂವರಿ ಲಕ್ಷ ಟನ್ ಆಸುಪಾಸು. ಈಗ ಸಕ್ಕರಿ ಹೊರಗಿಂದ ತರಸ್ತಾರ. ‘ಬೆಳಗಾವಿ, ಬಾಗಲಕೋಟಿ ಮಂದಿ ಹೋಗಿ ನಡಸಬಹುದಲ್ಲ’ ಅಂತ ಭಾಳ ಮಂದಿಗಿ ಅನಸ್ತದ. ಮಾಲಕಿ ಬ್ಯಾಡ ಅಂದ್ರ ನಿರ್ವಹಣಾ ಕರಾರು ಅಂತ ಒಂದ್ ದಾರಿ ಐತಿ. 2012ರಾಗ ಸಿಯೆನ್‌ಫುಯೆಗೋಸ್‌ದಾಗ ಒಂದ್ ಕಾರ್ಖಾನಿ ಬ್ರೆಜಿಲ್‌ದವ್ರು ಹಂಗ ಹಿಡಿದಿದ್ರು.

ಖರೇ ಅಡಚಣಿ ಗಾಣದಾಗಿಲ್ಲ, ಹೊಲದಾಗ ಐತಿ. ಗೊಬ್ಬರ ಇಲ್ಲ, ಡೀಸೆಲ್ ಇಲ್ಲ, ಕಬ್ಬು ಕಡದ ಮ್ಯಾಲೆ ಗಾಡಿ ಬರೂದ್ರಾಗ ಸಕ್ಕರಿ ಅಂಶ ಇಳೀತದ. ನಮ್ಮಲ್ಲಿ ಕಡದ ಕಬ್ಬು 24 ತಾಸಿನ್ಯಾಗ ಗಾಣಕ್ಕ ಬೀಳಬೇಕು ಅಂತೀವಲ್ಲ, ಅದ ಮಾತು. ಕಬ್ಬು ಇದ್ದಲ್ಲೆಲ್ಲ ಮರಬೂ ಅನ್ನೂ ಮುಳ್ಳಗಿಡ ಹಬ್ಬೇತಿ, ನಮ್ಮ ಬಳ್ಳಾರಿ ಜಾಲಿ ಇದ್ದಂಗ. ಸಿರೊ ರೆದೊಂದೊದಾಗ 60 ಮೆಗಾವ್ಯಾಟ್ ಸ್ಥಾವರ ಹಂಗಾಮಿನ್ಯಾಗ ಕಬ್ಬಿನ ಸಿಪ್ಪಿ, ಉಳಿದಾಗ ಮರಬೂ ಸುಡಾಕ ಅಂತ ಕಟ್ಟಿದ್ರು. ವಿಚಾರ ಚಲೋ. ಆದ್ರ ಕರೆಂಟ್ ಮಾರಿದ್ರ ಕೊಳ್ಳಾವ ಒಬ್ಬಾವ, ಸರ್ಕಾರ. ಅಂವ ರೊಕ್ಕ ಕೊಟ್ಟಾಗ ಖರೆ.

ಬಯೋ_ಬೊಮ್ಮಸಂದ್ರ

ಗಾಣದವರು ಹೇಳಿದ್ದರಲ್ಲೇ ಗುಟ್ಟಿದೆ. ಕ್ಯೂಬಾದಲ್ಲಿ ಹಣ ಸಿಕ್ಕಿಕೊಳ್ಳುತ್ತದೆ, ಸರಕೂ ವಿದ್ಯೆಯೂ ಹೊರಬರುತ್ತವೆ. ಅಲ್ಲಿ ನೆಲೆ ನಿಂತವರೆಲ್ಲ ಅದನ್ನು ತಿಳಿದವರೇ.

ಕೆನಡಾದ ಗಣಿ ಕಂಪನಿ ಶೆರಿಟ್ 1994ರಿಂದ ಮೋವಾದಲ್ಲಿ ನಿಕಲ್ ಜಂಟಿ ಉದ್ಯಮ ನಡೆಸಿತು, 50:50. ಗಣಿಯ ಮಿಶ್ರ ಸಲ್ಫೈಡ್ ಕೆನಡಾದ ಆಲ್ಬರ್ಟಾಕ್ಕೆ ಹೋಗಿ ಅಲ್ಲಿ ಲೋಹವಾಗುತ್ತಿತ್ತು. ಕ್ಯೂಬಾ ಕಡೆಯ ಬಾಕಿ 36.8 ಕೋಟಿ ಕೆನಡಿಯನ್ ಡಾಲರ್ ಆದಾಗ 2022ರ ಅಕ್ಟೋಬರ್‌ನಲ್ಲಿ ಒಪ್ಪಂದ ಮಾಡಿಕೊಂಡು ಐದು ವರ್ಷದಲ್ಲಿ ಕೋಬಾಲ್ಟ್ ರೂಪದಲ್ಲಿ ವಸೂಲಿಗೆ ಇಳಿದರು. ಹಣ ಇಲ್ಲದಿದ್ದರೆ ಲೋಹ ಕೊಡು ಎಂದು. ಬೆಲೆ ತೆತ್ತದ್ದೂ ಇದೆ: ಆ ಸ್ಥಾವರ ಮೂಲತಃ ಅಮೆರಿಕನ್ನರದು, ಅದಕ್ಕೇ ಶೆರಿಟ್ ಅಧಿಕಾರಿಗಳಿಗೆ ಅಮೆರಿಕ ಪ್ರವೇಶ ನಿಂತಿತು. ಕ್ಯೂಬಾ ನಿಕಲ್ ಬೆರೆತ ಉಕ್ಕು ಕೂಡ ಅಮೆರಿಕಕ್ಕೆ ಹೋಗುವಂತಿಲ್ಲ.

ಬೆಂಗಳೂರಿನದು ಇನ್ನೂ ಜಾಣತನ. ಬಯೋಕಾನ್ ಹವಾನಾದಲ್ಲಿ ಏನೂ ಕಟ್ಟಲಿಲ್ಲ. ಅಲ್ಲಿನ ಆಣ್ವಿಕ ಪ್ರತಿರಕ್ಷಾ ಕೇಂದ್ರದ ಮಾರಾಟ ಸಂಸ್ಥೆ ಸಿಮಾಬ್ ಜೊತೆ ಇಲ್ಲೇ 51:49 ಜಂಟಿ ಕಂಪನಿ ಮಾಡಿ, ಪ್ರತಿಕಾಯ ತಯಾರಿಸುವ ವಿದ್ಯೆಯನ್ನು ಇಲ್ಲಿಗೆ ತಂದಿತು. 2006ರಲ್ಲಿ ತಲೆ-ಕತ್ತಿನ ಕ್ಯಾನ್ಸರಿಗೆ ನಿಮೊಟುಝುಮ್ಯಾಬ್, 2013ರಲ್ಲಿ ಸೋರಿಯಾಸಿಸ್‌ಗೆ ಇಟೊಲಿಝುಮ್ಯಾಬ್. ನಡುವೆ 2010ರಲ್ಲಿ ಸಿಮಾಬ್ ಪಾಲನ್ನು ಕೊಂಡುಕೊಂಡಿತು. 2016ರ ಅಕ್ಟೋಬರ್‌ನಲ್ಲಿ ಒಫ್ಯಾಕ್ ಕ್ಯೂಬಾ ಮೂಲದ ಔಷಧಗಳಿಗೆ ಅಮೆರಿಕದ ಅನುಮೋದನೆ ಪಡೆಯುವ ಕೆಲಸಕ್ಕೆ ಸಾಮಾನ್ಯ ಪರವಾನಗಿ ಕೊಟ್ಟಿತು. ಮರುವರ್ಷವೇ ಇಟೊಲಿಝುಮ್ಯಾಬ್ ಕ್ಯಾಲಿಫೋರ್ನಿಯಾದ ಔಷಧ ಕಂಪನಿ ಇಕ್ವಿಲಿಯಂಗೆ ಲೈಸೆನ್ಸ್ ಆಯಿತು, ಕೊಟ್ಟದ್ದು ಬಯೋಕಾನ್.

ಔಷಧ ಮಾರುವವರು ಯಾರಾದರೂ ಓದುತ್ತಿದ್ದರೆ: ಸಿದ್ಧ ಔಷಧ ಕೊಳ್ಳುವುದು ಮೆಡಿಕ್ಯೂಬಾ, ಕಚ್ಚಾ ಔಷಧ ಫಾರ್ಮಕ್ಯೂಬಾ, ನೋಂದಣಿ ಸೆಕ್ಮೆಡ್. ಬಾಗಿಲು ಬೇರೆ ಬೇರೆ, ಪಾವತಿಯ ಕಷ್ಟ ಒಂದೇ.

ಪೀಣ್ಯ_ಪಂಪ್

ಘಟಕದ ಯೋಚನೆ ಬಿಟ್ಟೆವು. ನಮಗೆ ಕೊಡಲು ಅವರ ಹತ್ತಿರ ಕೋಬಾಲ್ಟ್ ಇಲ್ಲ, ಪ್ರತಿಕಾಯವೂ ಇಲ್ಲ, ಹಾಗಾಗಿ ಮುಂಗಡವೇ. ಪ್ರೊಫಾರ್ಮಾದಲ್ಲಿ (ಸರಕಿಗೆ ಮುಂಚೆ ಕೊಡುವ ಬಿಲ್ಲು) ಖರೀದಿದಾರ ಎಂದು ಆ ಖಾಸಗಿ ಕಂಪನಿಯ ಹೆಸರೇ ಹಾಕಬೇಕೆ? ರೂಪಾಯಿ ಖಾತೆಯ ದಾರಿ ಉಂಟೆ?

ನೊಸ್ಟ್ರೋ

2022ರ ಜುಲೈನ ಆರ್‌ಬಿಐ ಸುತ್ತೋಲೆಯ ರೂಪಾಯಿ ವೋಸ್ಟ್ರೋ ಖಾತೆ (ವಿದೇಶಿ ಬ್ಯಾಂಕು ನಮ್ಮ ಬ್ಯಾಂಕಿನಲ್ಲಿ ಇಡುವ ರೂಪಾಯಿ ಖಾತೆ) ತಾತ್ವಿಕವಾಗಿ ಇದೆ. ಆದರೆ ಆ ಖಾತೆಗೆ ರೂಪಾಯಿ ಎಲ್ಲಿಂದ ಬರಬೇಕು? ಅವರು ನಮಗೆ ಏನಾದರೂ ಮಾರಿದಾಗ. ಅವರ ಸಿಗಾರು, ರಮ್ಮಿನಿಂದ ಎಷ್ಟು ತುಂಬೀತು? 200 ಸೆಟ್‌ಗಾಗಿ ಅದರ ಹಿಂದೆ ಹೋಗಬೇಡಿ.

ಸುಂಕದಕಟ್ಟೆ

ಖಾಸಗಿ ಕಂಪನಿಗಳಿಗೆ 2021ರ ಆದೇಶ-ಕಾನೂನು 46ರಿಂದ ಅಸ್ತಿತ್ವ ಬಂತು, 100 ನೌಕರರವರೆಗೆ. ನೇರ ಆಮದಿನ ಹಕ್ಕು ಮಾತ್ರ ಬರಲಿಲ್ಲ, ಪರವಾನಗಿ ಇರುವ ಸರ್ಕಾರಿ ವಿದೇಶಿ ವ್ಯಾಪಾರ ಸಂಸ್ಥೆಯೊಂದು ಕಮಿಷನ್ ಪಡೆದು ತರಿಸಿಕೊಡುತ್ತದೆ. ಆದ್ದರಿಂದ ಬಿಲ್ ಆಫ್ ಲೇಡಿಂಗಿನಲ್ಲಿ (ಹಡಗಿನವರ ಸರಕು ರಸೀದಿ) ಸರಕು ಪಡೆಯುವವರು ಆ ಸಂಸ್ಥೆ, ಅಂತಿಮ ಬಳಕೆದಾರ ನಿಮ್ಮ ಗಿರಾಕಿ, ಹಣ ಕೊಡುವವರು ಮೂರನೆಯವರು. ಮೂರೂ ಹೆಸರು ಪ್ರೊಫಾರ್ಮಾದಲ್ಲೂ ಬ್ಯಾಂಕಿಗೆ ಕೊಟ್ಟ ಪತ್ರದಲ್ಲೂ ಅಕ್ಷರಶಃ ಒಂದೇ ತೆರನಾಗಿರಲಿ, ಕಾಗುಣಿತವೂ. ಆ ಸರ್ಕಾರಿ ಸಂಸ್ಥೆ ಅಮೆರಿಕದ ವಿದೇಶಾಂಗ ಇಲಾಖೆಯ ಕ್ಯೂಬಾ ನಿರ್ಬಂಧಿತ ಪಟ್ಟಿಯಲ್ಲಿದೆಯೇ ನೋಡಿ, ಸಿಮೆಕ್ಸ್‌ನಂಥ ಸರ್ಕಾರಿ ಕಂಪನಿಗಳು ಇವೆ. ಪಟ್ಟಿ ಕಟ್ಟಿಹಾಕುವುದು ಅಮೆರಿಕನ್ನರನ್ನು, ಆದರೆ ಎಲ್ಲ ಬ್ಯಾಂಕುಗಳ ಜರಡಿಯೂ ಅದೇ. ಪಟ್ಟಿಯಲ್ಲಿದ್ದರೆ ಬೇರೆ ಸಂಸ್ಥೆಯ ಮೂಲಕ ತರಿಸಿಕೊಳ್ಳಲು ಗಿರಾಕಿಗೆ ಹೇಳಿ.

ಮೊದಲು 10 ಸೆಟ್ ಕಳಿಸಿ, ಐಜಿಬಿಟಿ ಬದಲಿಸಿದ ಬೋರ್ಡಿನದೇ. ಹಣ ನಿಮ್ಮ ಖಾತೆಗೆ ಬಂದು ಬ್ಯಾಂಕು ವಿದೇಶಿ ಪಾವತಿ ಪ್ರಮಾಣಪತ್ರ ಕೊಟ್ಟ ಮೇಲೆ ಉಳಿದ 190ರ ಮೋಟರಿಗೆ ತಾಮ್ರ ಕೊಳ್ಳಿ. ಮತ್ತೆ, ನಿಮ್ಮಲ್ಲಿ ಯಾರಾದರೂ ಬ್ರಿಟಿಷ್ ಅಥವಾ ಯುರೋಪಿನ ಪಾಸ್‌ಪೋರ್ಟಿನವರು ಇದ್ದರೆ ಹವಾನಾಕ್ಕೆ ಅವರನ್ನು ಕಳಿಸಬೇಡಿ. 2021ರ ಜನವರಿ 12ರ ನಂತರ ಕ್ಯೂಬಾಕ್ಕೆ ಹೋಗಿಬಂದವರಿಗೆ ಅಮೆರಿಕದ ವೀಸಾ ರಹಿತ ಪ್ರವೇಶ ತಪ್ಪುತ್ತದೆ. ಭಾರತೀಯ ಪಾಸ್‌ಪೋರ್ಟಿನವರಿಗೆ ಹೇಗೂ ಆ ಸೌಲಭ್ಯ ಇಲ್ಲವಲ್ಲ, ಅವರೇ ಹೋಗಲಿ.